3084ಕ್ಕೆ ಹೋಗದ ಸಂದೇಶ

ಸೆಪ್ಟೆಂಬರ್ 22, ಸೋಮವಾರ ಬೆಳಿಗ್ಗೆ 10.20ಕ್ಕೆ ವಾರಿಜಾಕ್ಷಿ ಒಬ್ಬರೇ ಠಾಣೆಗೆ ಬಂದರು. ಮೀನುಗಾರಿಕೆ ಬಂದರಿನ ದಕ್ಕೆಯಲ್ಲಿ ಮೀನು ಮಾರುವ ಹೆಂಗಸು, ವಯಸ್ಸು ಮೂವತ್ತೆಂಟು. ನಾಲ್ಕು ದಿನಗಳ ಹಿಂದೆ ಗಾಳಿಗೆ ಸಿಕ್ಕಿ ಮುಳುಗಿದ 3084 ನಂಬರಿನ ಟ್ರಾಲ್ ಬೋಟಿನಲ್ಲಿ ಅವರ ಗಂಡ ಯತಿನ್ ಇದ್ದ. ಆರು ಜನರಲ್ಲಿ ಐವರು ಸತ್ತಿದ್ದರು. ಯತಿನ್‌ನ ಹೆಣ ಶನಿವಾರ ಪಣಂಬೂರಿನ ದಡಕ್ಕೆ ಬಂದಿತ್ತು.

"ಆಕ್ಸಿಡೆಂಟ್ ಅಂತ ಬರೆದು ಮುಗಿಸ್ಬೇಡಿ ಸರ್," ಎಂದರು. "ಬೇರೆ ಬೋಟುಗಳೆಲ್ಲ ಸಂಜೆಯೊಳಗೆ ಬಂದು ಮುಟ್ಟಿವೆ. ಇವರದ್ದು ಮಾತ್ರ ಯಾಕೆ ಬರ್ಲಿಲ್ಲ?"

"ಎಚ್ಚರಿಕೆ ಕಳಿಸಿದ್ದೇವೆ ಅಂತ ಬೋಟು ಮಾಲೀಕರ ಸಂಘದವರು ಹೇಳ್ತಾರಲ್ಲ ಅಕ್ಕ," ಎಂದರು ಇನ್‌ಸ್ಪೆಕ್ಟರ್ ಪೌಲ್ ಮಥಾಯಸ್.

"ಗಾಳಿ ಬರ್ತದೆ ಅಂತ ಗೊತ್ತಾದ ಮೇಲೆ ಯಾರಾದ್ರೂ ಅಲ್ಲೇ ಉಳೀತಾರಾ?"

11.40ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 106, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗ ಖಾಲಿ ಇತ್ತು.

ಬದುಕಿ ಉಳಿದವನು ಬೋಟು ನಡೆಸುತ್ತಿದ್ದ ತಾಂಡೇಲ ಕಮಲೇಶ್. ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವನ ಹೇಳಿಕೆ ಪಡೆಯಲಾಯಿತು.

"ಮೆಸೇಜ್ ಬರ್ಲಿಲ್ಲ ಸರ್. ನಾವು ತುಂಬ ಹೊರಗೆ ಇದ್ದೆವು, ವಯರ್‌ಲೆಸ್ ಮುಟ್ಟುವುದಿಲ್ಲ. ಮೆಸೇಜ್ ಬರುವ ಸ್ಯಾಟಲೈಟ್ ಪೆಟ್ಟಿಗೆ ನನ್ನ ಕೋಣೆಯಲ್ಲೇ ಇತ್ತು. ಒಮ್ಮೆಯೂ ಸದ್ದು ಮಾಡ್ಲಿಲ್ಲ."

ಪೌಲ್ ಹಳೆಯ ಕಡತವೊಂದನ್ನು ಓದಿಕೊಂಡು ಬಂದಿದ್ದರು. ಕಳೆದ ವರ್ಷದ ಆಗಸ್ಟ್‌ನಲ್ಲಿ ಇದೇ ಬೋಟಿನಿಂದ ಪ್ರಖ್ಯಾತ್ ಎಂಬ ಇಪ್ಪತ್ತೆರಡರ ಹುಡುಗ ಅಲೆಗೆ ಸಿಕ್ಕಿ ಸತ್ತಿದ್ದ. ಆಗಲೂ ಎಚ್ಚರಿಕೆ ಹೋಗಿತ್ತು, ಬೋಟು ತಿರುಗಿ ಬಂದಿರಲಿಲ್ಲ.

"ಕಳೆದ ವರ್ಷವೂ ಇದನ್ನೇ ಹೇಳಿದ್ರಿ."

"ಈ ಸಲ ನಿಜವಾಗಿ ಬರ್ಲಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಕಮಲೇಶ್ ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ 9.30ಕ್ಕೆ ಪೌಲ್, ಕಾನ್‌ಸ್ಟೆಬಲ್ ಮೋಕ್ಷಾ ಮತ್ತು ಇಬ್ಬರು ಪಂಚರು ಬೋಟು ಮಾಲೀಕರ ಸಂಘದ ಕಚೇರಿಗೆ ಹೋದರು. ಮೋಕ್ಷಾ ಬಿಸಿಎ ಮುಗಿಸಿ ಪೊಲೀಸ್ ಕೆಲಸಕ್ಕೆ ಸೇರಿದವಳು. ಕಂಪ್ಯೂಟರ್ ನೋಡಿಕೊಳ್ಳುವ ಲೀಲಾಧರ, ಐವತ್ತು ದಾಟಿದ ಮನುಷ್ಯ, ಕುರ್ಚಿ ಬಿಟ್ಟು ಎದ್ದು ನಿಂತ.

ವ್ಯವಸ್ಥೆ ಸರಳವಾಗಿತ್ತು. ಎಚ್ಚರಿಕೆ ಬಂದಾಗ ಲೀಲಾಧರ ಸಮುದ್ರದಲ್ಲಿರುವ ಬೋಟುಗಳ ನಂಬರುಗಳನ್ನು ಕೊಟ್ಟು ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಓಡಿಸಬೇಕು. ಅದು ಪಟ್ಟಿಯ ಫೈಲಿನಲ್ಲಿ ಒಂದೊಂದೇ ನಂಬರಿನ ಸಾಲನ್ನು ಹುಡುಕಿ, ಆ ಸಾಲಿನಲ್ಲಿ ಬರೆದ ಸ್ಯಾಟಲೈಟ್ ಪೆಟ್ಟಿಗೆಗೆ ಸಂದೇಶ ಕಳಿಸುತ್ತದೆ. 18ರ ದಾಖಲೆಯಲ್ಲಿ 64 ಬೋಟುಗಳ ಮುಂದೆಯೂ 'ಕಳುಹಿಸಲಾಗಿದೆ' ಎಂದಿತ್ತು. 3084ರ ಮುಂದೆಯೂ ಇತ್ತು.

ಮೋಕ್ಷಾ 3084 ಎಂದು ಟೈಪ್ ಮಾಡಿ ಹುಡುಕಿದಳು. ಸಾಲು ಸಿಕ್ಕಿತು. ಪೆಟ್ಟಿಗೆಯ ನಂಬರೂ ಸರಿ ಇತ್ತು.

"ನೋಡಿ ಮೇಡಂ, ಎಲ್ಲ ಸರಿ ಉಂಟು," ಎಂದ ಲೀಲಾಧರ.

ಅಷ್ಟರಲ್ಲಿ ಸ್ಯಾಟಲೈಟ್ ಕಂಪನಿಯಿಂದ ಪೌಲ್ ಕೇಳಿದ್ದ ಪಟ್ಟಿ ಬಂತು. ಆ ದಿನ ಸಂಘದಿಂದ ಅವರಿಗೆ ಬಂದ ಸಂದೇಶಗಳು 63. 3084ರದ್ದು ಅದರಲ್ಲಿ ಇರಲಿಲ್ಲ.

ಮೋಕ್ಷಾ ಫೈಲಿನ ವಿವರ ತೆರೆದಳು. "ಸರ್, ಪಟ್ಟಿಯನ್ನು ಕೊನೆಯ ಸಲ ತಿದ್ದಿದ್ದು 19ಕ್ಕೆ, ಬೆಳಿಗ್ಗೆ 9.12ಕ್ಕೆ. ಬೋಟು ಮುಳುಗಿದ ಮರುದಿನ."

"ಎಂತ ತಿದ್ದಿದ್ದು?" ಪೌಲ್ ಕೇಳಿದರು.

"ಹೊಸ ಬೋಟು ಸೇರಿಸಿದ್ದು ಸರ್," ಎಂದ ಲೀಲಾಧರ.

ಮೋಕ್ಷಾ ಸಾಲುಗಳನ್ನು ಎಣಿಸಿದಳು. 212. 18ರ ಬ್ಯಾಕಪ್ ಪ್ರತಿಯಲ್ಲೂ 212. ಹೊಸದೇನೂ ಸೇರಿರಲಿಲ್ಲ. ಪೌಲ್ ಲೀಲಾಧರನ ಮುಖ ನೋಡಿದರು. 12.15ಕ್ಕೆ ಪಂಚನಾಮೆ ಮುಗಿಸಿ ಕಂಪ್ಯೂಟರನ್ನೂ ಬ್ಯಾಕಪ್ ಡಿಸ್ಕನ್ನೂ ವಶಕ್ಕೆ ತೆಗೆದುಕೊಂಡರು.

ಸ್ಕ್ರಿಪ್ಟ್ ಬರೆದವನು ಆನ್ಸನ್. ಕದ್ರಿಯಲ್ಲಿ ಅವನದ್ದೇ ಸಣ್ಣ ಆಫೀಸು. ಎರಡು ಗಂಟೆಗೆ ಠಾಣೆಗೆ ಬಂದು ಮೋಕ್ಷಾಳ ಪಕ್ಕ ಕುಳಿತ. 18ರ ಪ್ರತಿಯ ಮೇಲೆ ಅವಳು ಸ್ಕ್ರಿಪ್ಟ್ ಓಡಿಸಿದಳು, ಸಂದೇಶ ನಿಜವಾಗಿ ಹೊರಗೆ ಹೋಗದ ಹಾಗೆ ಮಾಡಿಕೊಂಡು. 3084ರ ಸಾಲು ಸಿಗಲಿಲ್ಲ. ಆದರೂ ಪರದೆಯ ಮೇಲೆ 'ಕಳುಹಿಸಲಾಗಿದೆ' ಎಂದು ಬಂತು.

"ಸಾಲು ಸಿಗದಿದ್ರೆ ಎರರ್ ತೋರಿಸ್ಬೇಕಿತ್ತು," ಆನ್ಸನ್ ತಗ್ಗಿದ ದನಿಯಲ್ಲಿ ಹೇಳಿದ. "ನಾನು ಅದನ್ನು ಬರೆದಿಲ್ಲ. ಸಿಕ್ಕಿಯೇ ಸಿಗ್ತದೆ ಅಂತ ಗ್ರಹಿಸಿದ್ದೆ."

"ಆದ್ರೆ ಸಾಲು ಇಲ್ಲೇ ಉಂಟಲ್ಲ," ಮೋಕ್ಷಾ ಪರದೆಗೆ ಬೆರಳಿಟ್ಟಳು. ಕಣ್ಣಿಗೆ 3084 ಎಂದೇ ಕಾಣುತ್ತಿತ್ತು. ಆ ಸಾಲಿನಿಂದಲೇ ನಂಬರನ್ನು ಕಾಪಿ ಮಾಡಿ ಹುಡುಕಿದಳು. ಈಗ ಸಿಕ್ಕಿತು. ಕೈಯಿಂದ ಟೈಪ್ ಮಾಡಿದರೆ ಇಲ್ಲ. 18ರ ಮತ್ತು 19ರ ಫೈಲುಗಳನ್ನು ಹೋಲಿಸಿದಾಗ ಇದೊಂದೇ ಸಾಲು ಬೇರೆ ಎಂದು ಕಂಪ್ಯೂಟರ್ ತೋರಿಸಿತು. ಒಂದೊಂದೇ ಅಕ್ಷರದ ಸಂಕೇತ ನೋಡುತ್ತ ಹೋದಳು. ಮೂರರ ನಂತರ ಇದ್ದದ್ದು ಸೊನ್ನೆಯಲ್ಲ, ಇಂಗ್ಲಿಷಿನ ಓ ಅಕ್ಷರ.

"ಕೀಬೋರ್ಡಿನಲ್ಲಿ ಎರಡೂ ಹತ್ತಿರ ಉಂಟು," ಎಂದ ಆನ್ಸನ್. "ಕೈ ತಪ್ಪಿರಬಹುದು."

"ಕೈ ತಪ್ಪಿದ್ದಾದ್ರೆ ಸರಿ ಮಾಡಿದವ ಯಾಕೆ ಮುಚ್ಚಿಟ್ಟ?" ಪೌಲ್ ಕೇಳಿದರು. "212 ಸಾಲಿನಲ್ಲಿ ಕಣ್ಣಿಗೆ ಕಾಣದ ತಪ್ಪು ಇಲ್ಲೇ ಉಂಟು ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ಮೋಕ್ಷಾ ಬ್ಯಾಕಪ್‌ಗಳನ್ನು ಹಿಂದಕ್ಕೆ ನೋಡುತ್ತ ಹೋದಳು. ಸೆಪ್ಟೆಂಬರ್ 2ರಂದು ಸೊನ್ನೆ ಇತ್ತು, 3ರಂದು ಓ. 3ಕ್ಕೂ 19ಕ್ಕೂ ಫೈಲು ತಿದ್ದಿದ್ದು ಲೀಲಾಧರನ ಲಾಗಿನ್‌ನಿಂದ.

ಆನ್ಸನ್ ಎದ್ದವನು ಪುನಃ ಕುಳಿತ. "ಸರ್, ಒಂದು ವಿಷಯ ಉಂಟು. ಕಳೆದ ವರ್ಷ ಮಗ ಹೋದ ಮೇಲೆ ಲೀಲಾಧರಣ್ಣ ನನ್ನ ಹತ್ರ ಬಂದಿದ್ರು. ಬೋಟಿಗೆ ಮೆಸೇಜ್ ಮುಟ್ಟಿದೆಯಾ ನೋಡು ಅಂದ್ರು. ನಾನು ಕಂಪನಿಯಿಂದ ಕೇಳಿ ತರಿಸಿದೆ. ಮುಟ್ಟಿತ್ತು. ತೆರೆದು ಓದಿದ ಗುರುತೂ ಇತ್ತು."

"ಯಾವ ಮಗ?"

"ಪ್ರಖ್ಯಾತ್."

ಹಳೆಯ ಕಡತದಲ್ಲಿ ದೂರು ಕೊಟ್ಟವಳು ತಾಯಿ. ಪೌಲ್ ತಂದೆಯ ಹೆಸರನ್ನು ಗಮನಿಸಿರಲಿಲ್ಲ.

"ವಿಚಾರಣೆಯಲ್ಲಿ ಇದನ್ನು ಹೇಳಲಿಲ್ಲವಾ?"

"ಅಷ್ಟರಲ್ಲಿ ವಿಚಾರಣೆ ಮುಗಿದು ಕಡತ ಮುಚ್ಚಿದ್ರು ಸರ್. ಲೀಲಾಧರಣ್ಣ ಎರಡು ಸಲ ಅರ್ಜಿ ಕೊಟ್ರು. ಉತ್ತರ ಬರ್ಲಿಲ್ಲ."

ಸೆಪ್ಟೆಂಬರ್ 24, ಬುಧವಾರ ಮಧ್ಯಾಹ್ನ 3.15ಕ್ಕೆ ಸಂಘದ ಕಚೇರಿಯಲ್ಲಿ ಲೀಲಾಧರನನ್ನು ಬಂಧಿಸಲಾಯಿತು. ಕಲಂ 106ರ ಬದಲು 105 ಸೇರಿತು, ಕೊಲೆಯಲ್ಲದ ನರಹತ್ಯೆ. ಅವನು ಎದುರು ಮಾತಾಡಲಿಲ್ಲ. ಚಪ್ಪಲಿ ಹಾಕಿಕೊಂಡು ಜೀಪಿನ ಹಿಂದೆ ಹತ್ತಿ ಕುಳಿತ.

"ಕಳೆದ ವರ್ಷ ಮೆಸೇಜ್ ಬರ್ಲಿಲ್ಲ ಅಂತ ಕಮಲೇಶ್ ಹೇಳಿದ, ಎಲ್ಲರೂ ನಂಬಿದ್ರು," ಎಂದ ಠಾಣೆಯಲ್ಲಿ. "ಹಾಗಾದ್ರೆ ಬಾರದೇ ಇರ್ಲಿ ಅಂತ ಮಾಡಿದ್ದು. ಸೊನ್ನೆ ತೆಗೆದು ಓ ಹಾಕಿದ ದಿನ ಕಡಲು ಶಾಂತ ಇತ್ತು. ಮಾಡಿ ಮನೆಗೆ ಹೋಗಿ ಊಟ ಮಾಡಿದೆ."

"18ಕ್ಕೆ ಎಚ್ಚರಿಕೆ ಬಂದದ್ದು 11.05ಕ್ಕೆ. ಸ್ಕ್ರಿಪ್ಟ್ ಓಡಿಸಿದ್ದು 11.31ಕ್ಕೆ. ನಡುವೆ ಎಂತ ಮಾಡಿದ್ರಿ?"



"ಫೈಲು ತೆರೆದೆ, ಸರಿ ಮಾಡ್ಲಿಕ್ಕೆ. ಆ ಸಾಲಿನವರೆಗೆ ಬಂದೆ. ಮುಚ್ಚಿದೆ. ಪುನಃ ತೆರೆದೆ."

"ಎಷ್ಟು ಸಲ?"

"ಮೂರು."

"ಬೋಟಿನಲ್ಲಿ ಬೇರೆ ಐದು ಜನ ಇದ್ರು."

"ಗೊತ್ತಿತ್ತು," ಎಂದ ಲೀಲಾಧರ. "ನನ್ನ ಮಗ ಬಿದ್ದಾಗ ನೀರಿಗೆ ಹಾರಿದ್ದು ಯತಿನ್. ಹೆಣವಾದರೂ ಮನೆಗೆ ಬಂದದ್ದು ಅವನಿಂದ."



ಸಂಜೆ ಐದಕ್ಕೆ ಮೋಕ್ಷಾ ಹೇಳಿಕೆಯನ್ನು ಓದಿ ಹೇಳಿದಳು. 'ಐವರು ಮೀನುಗಾರರ ಸಾವಿಗೆ' ಎಂಬಲ್ಲಿ ಲೀಲಾಧರ ಕೈ ಎತ್ತಿ ತಡೆದ.

"ಹೆಸರು ಬರೆಯಿರಿ ಮೇಡಂ. ಐದೂ."

ಅವಳು ಇನ್‌ಸ್ಪೆಕ್ಟರರ ಕಡೆ ನೋಡಿದಳು. ಪೌಲ್ ತಲೆಯಾಡಿಸಿದರು. ಲೀಲಾಧರ ಯತಿನ್‌ನಿಂದ ಸುರುಮಾಡಿ ಒಂದೊಂದೇ ಹೆಸರನ್ನು ಅವರವರ ಮನೆ ಇರುವ ಜಾಗದೊಂದಿಗೆ ಹೇಳುತ್ತ ಹೋದ. ಐದನೆಯದಕ್ಕೆ ಬರುವಾಗ ಅವನ ಸ್ವರ ಇಳಿದು ಏನೂ ಕೇಳಿಸಲಿಲ್ಲ. ಪೌಲ್ ಇನ್ನೊಮ್ಮೆ ಹೇಳಿಸಿದರು.