ದಿಮ್ಮಿ ಒತ್ತಿದ ಜಾಗ

ಹಿಂದೆ, ಬಹಳ ಹಿಂದೆ, ಕಡಲಂಚಿನಲ್ಲಿ ಮಬ್ಬೂರು ಎಂಬ ರಾಜ್ಯವಿತ್ತು. ಅಲ್ಲಿ ಸೂರ್ಯ ಹುಟ್ಟದೆ ಏಳು ವರ್ಷವಾಗಿತ್ತು. ಕರಿಜಟ್ಟಿ ಎಂಬ ಮಾಂತ್ರಿಕ ಸೂರ್ಯನನ್ನು ತನ್ನ ದ್ವೀಪಕ್ಕೆ ಒಯ್ದು, ತಾಮ್ರದ ಹಂಡೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದ. ಬಿಡಿಸಲು ಹೋದವರ ದೋಣಿಯ ತಳವನ್ನು ಅವನ ಹುಳುಗಳು ಕೊರೆದು ಮುಳುಗಿಸುತ್ತಿದ್ದವು. ಮುಳುಗಿದವರೂ ಹಲ್ಲುಳ್ಳ ಹುಳುಗಳಾಗಿ ಅವನ ಚಾಕರಿಗೆ ನಿಲ್ಲುತ್ತಿದ್ದರು.

ಮೂರನೆಯ ಬಾರಿ ಹೋದವನು ಕುಪ್ಪ. ಅವನೂ ಮರಳಲಿಲ್ಲ. ಊರವರು ಮಾಂತ್ರಿಕನನ್ನು ಶಪಿಸಿದರು. ಕುಪ್ಪನ ತಂಗಿ ಹೊನ್ನಿ ಮಾತ್ರ ತಾಯಿಯ ಮುಂದೆ ಕೂತು ಅತ್ತಳು.

"ಅಮ್ಮಾ, ಅಣ್ಣನನ್ನ ಮುಳುಗಿಸಿದ್ದು ನಾನು. ದೋಣೀನ ದಿಮ್ಮಿಗಳ ಮೇಲೆ ಕೂರಿಸಿ, ಹುಳ ಕೊರೀದ ಹಾಗೆ ತಳಕ್ಕೆಲ್ಲ ಬಣ್ಣ ಬಳಿದೆ. ಆದ್ರೆ ದಿಮ್ಮಿ ಸರಿಸಿ, ಅದು ಒತ್ತಿದ್ದ ಜಾಗಕ್ಕೆ ಬಳೀಲಿಲ್ಲ. ಸೊಂಟ ನೋಯ್ತಿತ್ತು. ಅಷ್ಟು ಜಾಗ ಯಾರು ನೋಡ್ತಾರೆ ಅಂದ್ಕೊಂಡೆ."

ತಾಯಿ, "ನಿನ್ನಪ್ಪನ ಹಳೇ ದೋಣಿ ಇದೆ. ಏಳು," ಎಂದಳು.

ಮೊದಲ ದಿನ ಹೊನ್ನಿ ತಳಕ್ಕೆ ಅಂಟಿದ್ದ ಚಿಪ್ಪುಗಳನ್ನು ಕತ್ತಿಯಿಂದ ಕೆರೆದಳು. ಮಾಂತ್ರಿಕ ಮತ್ತೆ ಚಿಪ್ಪು ಬೆಳೆಸಿದ. ಅಂಗೈ ಒಡೆದರೂ ಬಿಡದೆ ಅವಳು ಮತ್ತೆ ಕೆರೆದಳು. ಎರಡನೆಯ ದಿನ ಹಲಗೆಗಳ ಸಂದಿಗೆ ಹತ್ತಿ ತುಂಬಿದಳು. ಮಾಂತ್ರಿಕ ಮಳೆ ಸುರಿಸಿದ. ಬಿಸಿಲೇ ಇಲ್ಲದ ನಾಡಿನಲ್ಲಿ ಒದ್ದೆ ಮರ ಒಣಗುವುದು ಹೇಗೆ? ತಾಯಿ ಕುಪ್ಪನ ಮಂಚವನ್ನು ಒಡೆದು, ಬೆಂಕಿ ಹಾಕಿ ದೋಣಿಯನ್ನು ಒಣಗಿಸಿದಳು.

ಮೂರನೆಯ ದಿನ ಹೊನ್ನಿ ಮೀನೆಣ್ಣೆಯಲ್ಲಿ ರಾಳ ಕುದಿಸಿ ಬಣ್ಣ ಮಾಡಿ ತಳಕ್ಕೆ ಬಳಿದಳು. ದಿಮ್ಮಿ ಸರಿಸಲು ಬಗ್ಗಿದಾಗ ಕಡಲಿನಿಂದ ಕುಪ್ಪನ ದನಿ ಬಂತು. ಮೋಸದ ದನಿಯಲ್ಲ, ಅವನದೇ.

"ಹೊನ್ನೀ, ಅಲ್ಲಿ ಬಳೀಬೇಡ ಕಣೇ. ಕೊರೆಯೋಕೆ ಒಂದು ಗೇಣು ಜಾಗ ಬಿಡು. ಇಲ್ದಿದ್ರೆ ಮಾಂತ್ರಿಕ ನನ್ನನ್ನ ಹೊಡೀತಾನೆ."

"ಅವತ್ತು ಬಿಟ್ಟಿದ್ದಕ್ಕೇ ನೀನು ಅಲ್ಲಿದ್ದೀಯ ಅಣ್ಣಾ. ಇವತ್ತು ಬಿಡಲ್ಲ," ಎಂದ ಹೊನ್ನಿ ಅಳುತ್ತಲೇ ದಿಮ್ಮಿ ಸರಿಸಿ ಬಳಿದಳು.

ಆಮೇಲೆ ದೋಣಿಯನ್ನು ಕಡಲಿಗಿಳಿಸಿ ದ್ವೀಪದತ್ತ ಹೊರಟಳು. ಕಡಲ ನಡುವೆ ಹುಳುಗಳು ಮುತ್ತಿದವು. ದಾರಿಯುದ್ದಕ್ಕೂ ತಳದಲ್ಲಿ ಕಟಕಟ ಸದ್ದು. ಆ ಹಲ್ಲುಗಳಲ್ಲಿ ಅಣ್ಣನವೂ ಇವೆಯೆಂದು ಗೊತ್ತಿದ್ದೂ ಅವಳು ಹುಟ್ಟು ಹಾಕಿದಳು. ಒಂದು ಹನಿ ನೀರೂ ಒಳಗೆ ಬರಲಿಲ್ಲ. ದ್ವೀಪದಲ್ಲಿ ಮಾಂತ್ರಿಕ ಗೊರಕೆ ಹೊಡೆಯುತ್ತಿದ್ದ. ಅಲ್ಲಿಯವರೆಗೆ ಯಾರೂ ಬಂದೇ ಇರಲಿಲ್ಲವಲ್ಲ, ಕಾವಲು ಯಾಕೆ ಬೇಕು? ಹೊನ್ನಿ ಮುಚ್ಚಳ ತೆಗೆದಳು. ಸೂರ್ಯ ಹೊರಬಂದ. ಮಾಂತ್ರಿಕ ಮಸಿಯಾಗಿ ಉದುರಿದ. ಹುಳುಗಳಾಗಿದ್ದವರೆಲ್ಲ ಮನುಷ್ಯರಾಗಿ ದಡ ಹತ್ತಿದರು.

ಕುಪ್ಪನೂ ಬಂದ. ಹೊನ್ನಿ ಅವನ ಕಾಲು ಹಿಡಿದಳು. "ಅಣ್ಣಾ, ಅವತ್ತು ನಾನು ದಿಮ್ಮಿ ಸರಿಸಿರ್ಲಿಲ್ಲ."

"ಗೊತ್ತು. ನೀರು ಅಲ್ಲಿಂದಲೇ ಬಂತು," ಎಂದು ಅವನು ಅವಳನ್ನು ಎತ್ತಿ ನಿಲ್ಲಿಸಿದ. ಬಾಯಿ ತೆರೆದು ತೋರಿಸಿದ. ಒಂದು ಹಲ್ಲೂ ಉಳಿದಿರಲಿಲ್ಲ. "ಈ ಸಲ ಚೆನ್ನಾಗಿ ಬಳಿದಿದ್ದೀಯ ಕಣೇ."

ಅಂದಿನಿಂದ ಮಬ್ಬೂರಿನವರು ಬಿಸಿಲು ಕಾಯಿಸಿಕೊಂಡು ಸುಖವಾಗಿದ್ದರು. ಕುಪ್ಪ ಬದುಕಿರುವವರೆಗೂ ಹೊನ್ನಿ ಅವನಿಗೆ ದಿನವೂ ಗಂಜಿ ಮಾಡಿ ಕೊಟ್ಟಳು. ಅವನು ಹೊಟ್ಟೆ ತುಂಬ ಉಂಡ.