ಮೂರು ಅರವಟ್ಟಿಗೆಗಳ ದಾರಿ

ಬಹಳ ಬಹಳ ಹಿಂದೆ, ಮನುಷ್ಯರಿಗಿಂತ ಕುರಿಗಳೇ ಹೆಚ್ಚಾಗಿದ್ದ ಒಂದು ರಾಜ್ಯವಿತ್ತು. ಆ ರಾಜ್ಯದ ಗಡಿಯ ಹಟ್ಟಿಯೊಂದರಲ್ಲಿ ಮಾಳಪ್ಪನೆಂಬ ತರುಣ ತನ್ನ ಅಕ್ಕ ಬಾಳವ್ವನ ಜೊತೆ ಇದ್ದ. ಅವರಿಗೆ ತಾಯಿತಂದೆ ಇರಲಿಲ್ಲ. ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಬಾಳವ್ವನೇ.

ಅವರದು ಕಂಬಳಿ ನೇಯುವ ಮನೆ. ನೇಯುವ ಮೊದಲು ಉಣ್ಣೆಯ ನೂಲಿಗೆ ಹುಣಸೆಬೀಜ ಬೇಯಿಸಿ ಅರೆದ ಗಂಜಿ ಹಚ್ಚಬೇಕು. ಹಾಗೆ ಹಚ್ಚದಿದ್ದರೆ ನೂಲು ಬಿಗಿ ನಿಲ್ಲುವುದಿಲ್ಲ. ಅದನ್ನು ಹಚ್ಚುವವರ ಕೈ ಮೊಣಕೈವರೆಗೆ ಕಂದಾಗುತ್ತದೆ, ಹುಳಿಹುಳಿ ವಾಸನೆ ಮೈಗೆ ಅಂಟಿಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಈ ವಾಸನೆಯ ಮಾತನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಎಲ್ಲ ಶುರುವಾದದ್ದು ಅದರಿಂದಲೇ.

ಒಂದು ದಿನ ಸಂತೆಗೆ ಪಟ್ಟಣದಿಂದ ಮೂವರು ರೇಷ್ಮೆಯಂಗಿಯವರು ಬಂದರು. ಮಾಳಪ್ಪ ಅವರ ಮುಂದೆ ತಾನು ದೊಡ್ಡ ವ್ಯಾಪಾರಿಯೆಂದು ಬೀಗುತ್ತ ನಿಂತಿದ್ದ. ಅಷ್ಟರಲ್ಲಿ ಬಾಳವ್ವ ತಲೆಯ ಮೇಲೆ ಕಂಬಳಿ ಹೊತ್ತು, "ತಮ್ಮಾ, ಹೊತ್ತು ಏರಿತು, ರೊಟ್ಟಿ ತಿನ್ನು ಬಾ" ಎನ್ನುತ್ತ ಬಂದಳು.

ರೇಷ್ಮೆಯಂಗಿಯವರು ಮೂಗು ಮುಚ್ಚಿಕೊಂಡರು. "ಅಯ್ಯಯ್ಯೋ, ಏನು ನಾತ! ಯಾರಯ್ಯಾ ಇವಳು? ನಿಮ್ಮವಳೋ?"

ಮಾಳಪ್ಪನ ಕಿವಿ ಸುಟ್ಟುಹೋಯಿತು. "ಯಾರೋ ಏನೋ. ನನಗೆ ಗೊತ್ತಿಲ್ಲ" ಅಂದ.

ಬಾಳವ್ವ ಅವನ ಮುಖ ನೋಡಿದಳು. ಕೂಡಲೇ ಅವಳ ಕಾಲ ಬುಡದಿಂದ ಕಪ್ಪು ಹೊಗೆ ಎದ್ದು ಅವಳನ್ನು ನುಂಗಿತು. ಹೊಗೆಯೊಳಗಿಂದ ಧೂಮಕೇಶನೆಂಬ ಮಾಂತ್ರಿಕನ ನಗು ಕೇಳಿಸಿತು: "ತನ್ನವರಿಗೇ ಬೇಡವಾದವಳು ನನ್ನವಳು! ನಾಲ್ಕನೆಯ ದಿನ ಹೊತ್ತು ಮುಳುಗುವುದರೊಳಗೆ ಪಟ್ಟಣಕ್ಕೆ ಬಂದು ಕೇಳಿದರೆ ಸರಿ. ಇಲ್ಲದಿದ್ದರೆ ಎಂದೆಂದಿಗೂ ಕಲ್ಲು!"

ಮಾಳಪ್ಪ ಅಲ್ಲೇ ಬಿದ್ದಿದ್ದ ಅಕ್ಕನ ರೊಟ್ಟಿಗಂಟನ್ನು ಹೆಗಲಿಗೆ ಹಾಕಿಕೊಂಡು ಪಟ್ಟಣದ ದಾರಿ ಹಿಡಿದ. ಆ ದಾರಿಯಲ್ಲಿ ಕೆರೆಯಿಲ್ಲ, ಬಾವಿಯಿಲ್ಲ. ದಿನದ ನಡಿಗೆಗೆ ಒಂದರಂತೆ ಮೂರು ಅರವಟ್ಟಿಗೆಗಳು ಮಾತ್ರ. ಅರವಟ್ಟಿಗೆಯೆಂದರೆ ದಾರಿಹೋಕರಿಗೆ ನೀರು ಕೊಡುವ ಚಪ್ಪರ. ಹೊರಟ ಕಾರಣ ಹೇಳಿಯೇ ನೀರು ಕುಡಿಯಬೇಕೆಂಬುದು ಅಲ್ಲಿನ ಪದ್ಧತಿ.

ಮೊದಲ ಅರವಟ್ಟಿಗೆಯಲ್ಲಿ ಒಂದು ಕರಡಿ ತಂಬಿಗೆ ಹಿಡಿದು ಕೂತಿತ್ತು. "ಯಾಕಪ್ಪಾ ಹೊರಟೆ?"

ನಿಜ ಹೇಳಲು ಮಾಳಪ್ಪನಿಗೆ ನಾಚಿಕೆಯಾಯಿತು. "ಸುಮ್ಮನೆ, ಪಟ್ಟಣ ನೋಡೋಣ ಅಂತ."

ಕರಡಿ ನೀರು ಹೊಯ್ದಿತು. ನೀರು ಬೊಗಸೆಗೆ ಬಿದ್ದು ಮರಳಾಯಿತು.

"ನಾನೂ ಹೀಗೇ ಹೇಳಿದ್ದೆ ಕಣಪ್ಪಾ" ಅಂತು ಕರಡಿ. "ಕುಂಟುವ ಅಪ್ಪನನ್ನು ನಮ್ಮ ಮನೆಯ ಆಳು ಅಂದಿದ್ದೆ. ಆಮೇಲೆ ಅವನನ್ನು ಹುಡುಕಿ ಬಂದೆ, ಮೂರು ಕಡೆಯೂ ಮರೆಮಾಚಿದೆ. ಈಗ ನೋಡು, ಮೈತುಂಬ ಕೂದಲು."

ಮಾಳಪ್ಪ ಒಣಗಿದ ಬಾಯಲ್ಲೇ ನಡೆದ.

ಎರಡನೆಯ ಅರವಟ್ಟಿಗೆಯಲ್ಲಿ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. "ಯಾಕಪ್ಪಾ ಹೊರಟೆ?"

"ನನ್ನಕ್ಕನನ್ನು ಮಾಂತ್ರಿಕ ಹೊತ್ತೊಯ್ದ. ಬಿಡಿಸಿಕೊಂಡು ಬರಬೇಕು."

ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆದ್ದರಿಂದ ಬೊಗಸೆಯಲ್ಲಿ ಅರ್ಧ ನೀರು, ಅರ್ಧ ಮರಳು. ತುಟಿ ಒದ್ದೆಯಾಯಿತೇ ಹೊರತು ಗಂಟಲು ತೋಯಲಿಲ್ಲ.

"ಪಾಪ, ಎಷ್ಟು ಒಳ್ಳೆಯ ತಮ್ಮ!" ಅಂತು ಕೊಕ್ಕರೆ. ಬೈದಿದ್ದರೆ ಮಾಳಪ್ಪ ತಡೆದುಕೊಳ್ಳುತ್ತಿದ್ದ. ಆ ಹೊಗಳಿಕೆ ಕೇಳಿ ಅವನಿಗೆ ತಲೆಯೆತ್ತಲು ಆಗಲಿಲ್ಲ.

ಮೂರನೆಯ ಅರವಟ್ಟಿಗೆಗೆ ಅವನು ತೆವಳುತ್ತ ಬಂದ. ಅಲ್ಲೊಂದು ಮುದಿ ಜಿಂಕೆಯಿತ್ತು. "ಹೊತ್ತು ಏರಿತಲ್ಲ ತಮ್ಮಾ, ಯಾಕೆ ಹೊರಟೆ?" ಅಂತು.

ಬಾಳವ್ವ ಕರೆಯುತ್ತಿದ್ದುದೂ ಹೀಗೆಯೇ. ಮಾಳಪ್ಪ ಮುಖ ಮುಚ್ಚಿಕೊಂಡ. "ಅವಳನ್ನು ಮಾಂತ್ರಿಕ ಒಯ್ಯಲಿಲ್ಲ, ನಾನೇ ಕೊಟ್ಟೆ. ರೇಷ್ಮೆಯಂಗಿಯವರು ನಗುತ್ತಾರೆಂದು ಅಕ್ಕನನ್ನು ಗೊತ್ತಿಲ್ಲ ಅಂದೆ. ಅವಳು ನನಗೆ ರೊಟ್ಟಿ ತಂದಿದ್ದಳು."

ಜಿಂಕೆ ನೀರು ಹೊಯ್ದಿತು. ನೀರು ನೀರಾಗಿಯೇ ಇತ್ತು. ಮಾಳಪ್ಪ ಅಳುತ್ತಲೇ ಕುಡಿದ.

"ನನಗೆ ಹೇಳಿದ್ದು ಸುಲಭ" ಅಂತು ಜಿಂಕೆ. "ಯಾರ ಮುಂದೆ ಅಂದೆಯೋ ಅವರ ಮುಂದೆಯೇ ಹೇಳಬೇಕಾಗುತ್ತದೆ. ಹೋಗು."

ನಾಲ್ಕನೆಯ ದಿನ ಹೊತ್ತಿಳಿಯುವಾಗ ಅವನು ಪಟ್ಟಣ ಸೇರಿದ. ಮಾಂತ್ರಿಕನ ಅಂಗಳದಲ್ಲಿ ನೂರು ಕಲ್ಲುಗೊಂಬೆಗಳು. ಎಲ್ಲಕ್ಕೂ ಒಂದೇ ಮುಖ, ಒಂದೇ ಎತ್ತರ. ಮೆಟ್ಟಿಲ ಮೇಲೆ ತಮಾಷೆ ನೋಡಲು ಜನ ಕೂತಿದ್ದರು. ಅವರ ನಡುವೆ ಆ ಮೂವರು ರೇಷ್ಮೆಯಂಗಿಯವರೂ ಇದ್ದರು.

"ಓಹೋ, ವ್ಯಾಪಾರಿಗಳು!" ಎಂದು ಒಬ್ಬ ಕೂಗಿದ. "ಬಿಡಿ ಬಿಡಿ, ಸಾಹುಕಾರರಿಗೆ ದಾರಿ ಬಿಡಿ!"

ಧೂಮಕೇಶ ಹೊಗೆಗೂದಲು ಕೊಡವಿದ. "ಒಂದನ್ನೇ ಮುಟ್ಟು. ತಪ್ಪಿದರೆ ನೂರಾ ಒಂದನೆಯ ಗೊಂಬೆ ನೀನು."

ಕಣ್ಣಿನಿಂದ ಗುರುತು ಸಿಗಲಿಲ್ಲ. ಮಾಳಪ್ಪ ಕಣ್ಣು ಮುಚ್ಚಿ ಗೊಂಬೆಯಿಂದ ಗೊಂಬೆಗೆ ಮೂಸುತ್ತ ನಡೆದ. ಜನ ಬಿದ್ದು ಬಿದ್ದು ನಕ್ಕರು. ಎಪ್ಪತ್ತು ಗೊಂಬೆ ದಾಟಿದ ಮೇಲೆ, ಕಲ್ಲಿನೊಳಗಿಂದ ತೆಳ್ಳಗೆ ಹುಣಸೆಬೀಜದ ಹುಳಿ ವಾಸನೆ ಬಂತು. ಮೂಗು ಮುಚ್ಚಿಸಿದ ಅದೇ ವಾಸನೆ. ಅವನು ಆ ಗೊಂಬೆಯ ಕೈ ಹಿಡಿದ.

"ಇವಳು ನಿನಗೆ ಏನಾಗಬೇಕು?" ಎಂದ ಮಾಂತ್ರಿಕ.

ಮಾಳಪ್ಪ ಮೆಟ್ಟಿಲ ಕಡೆ ತಿರುಗಿದ. ಕಿವಿ ಮತ್ತೆ ಸುಟ್ಟಿತು. ಆದರೂ ಹಿಡಿದ ಕೈ ಬಿಡಲಿಲ್ಲ.

"ನನ್ನಕ್ಕ. ಬಾಳವ್ವ. ಕಂಬಳಿಗೆ ಗಂಜಿ ಹಚ್ಚುವವಳು. ಸಂತೆಯಲ್ಲಿ ನಿಮ್ಮ ಮುಂದೆ ಗೊತ್ತಿಲ್ಲ ಅಂದೆನಲ್ಲ, ಅವಳೇ. ನಾನು ವ್ಯಾಪಾರಿಯಲ್ಲ. ಅವಳು ನೇಯ್ದದ್ದನ್ನು ಹೊರುವವನು."

ಯಾರೂ ನಗಲಿಲ್ಲ. ಅವನ ಅಂಗೈಯಲ್ಲಿ ಕಲ್ಲು ಬೆಚ್ಚಗಾಯಿತು. ಬಿಟ್ಟವರಲ್ಲಿ ಒಬ್ಬರನ್ನಾದರೂ ಮರಳಿ ನನ್ನವರೆಂದು ಕರೆದರೆ ಧೂಮಕೇಶನ ಮಂತ್ರವೆಲ್ಲ ಮುರಿದುಬೀಳುತ್ತಿತ್ತು. ಅದುವರೆಗೆ ಯಾರೂ ಕರೆದಿರಲಿಲ್ಲ, ಅಷ್ಟೇ. ಮಾಂತ್ರಿಕ ಕೂದಲ ತುದಿಯಿಂದ ಹೊಗೆಯಾಗುತ್ತ ಹೋಗಿ ಗಾಳಿಯಲ್ಲಿ ಚದುರಿದ. ನೂರು ಗೊಂಬೆಗಳೂ ಕಣ್ಣು ಬಿಟ್ಟವು.

ಬಾಳವ್ವ ಮೊದಲು ಕೇಳಿದ್ದು, "ರೊಟ್ಟಿ ತಿಂದೆಯಾ?"

"ಇಲ್ಲಕ್ಕಾ. ಗಂಟಲಲ್ಲಿ ಇಳಿಯಲಿಲ್ಲ."

"ಒಳ್ಳೆಯದಾಯಿತು" ಅಂದಳು ಬಾಳವ್ವ. ಗಂಟಿಗೆ ಕೈ ಚಾಚಿ, "ಕೊಡು, ನನಗೆ ಹಸಿವು" ಅಂದಳು.

ಮರಳುವ ದಾರಿಯಲ್ಲಿ ಜಿಂಕೆ ಅಜ್ಜಿಯಾಗಿದ್ದಳು, ಕೊಕ್ಕರೆ ಹೆಂಗಸಾಗಿದ್ದಳು. ಕರಡಿ ಗಂಡಸಾಗಿ ತನ್ನ ಕುಂಟ ಅಪ್ಪನನ್ನು ಹುಡುಕಿ ಎದುರಿಗೆ ಓಡಿಬರುತ್ತಿದ್ದ. ಅಜ್ಜಿ ತಂಬಿಗೆ ಹಿಡಿದು ಕೇಳಿದಳು: "ಜೊತೆಗಿರುವವರು ಯಾರಪ್ಪಾ?"

"ನನ್ನಕ್ಕ!" ಎಂದು ಮಾಳಪ್ಪ ಕೂಗಿದ. ಮರದ ಹಕ್ಕಿಗಳೆಲ್ಲ ಎದ್ದವು.

"ಮೆಲ್ಲಗೆ ಹೇಳೋ" ಅಂದಳು ಬಾಳವ್ವ. "ನಾನೇನು ಕಿವುಡಿಯಾ?"

ಕಲ್ಲಾಗಿದ್ದವರೆಲ್ಲ ಅವರವರ ಮನೆ ಸೇರಿದರು. ಅಕ್ಕತಮ್ಮಂದಿರೂ ಹಟ್ಟಿಯಲ್ಲಿ ಸುಖವಾಗಿದ್ದರು. ಮಾಳಪ್ಪನ ನಾಚಿಕೆ ಪೂರ್ತಿ ಹೋಯಿತೇ ಎಂದರೆ, ಹೋಗಲಿಲ್ಲ. ಅದಕ್ಕೇ ಅವನು ಗಂಜಿ ಹಚ್ಚುವ ದಿನ ಅಕ್ಕನಿಗಿಂತ ಮೊದಲೇ ಎದ್ದು ಎರಡು ಕೈಯನ್ನೂ ಮೊಣಕೈವರೆಗೆ ಅದ್ದುತ್ತಿದ್ದ, ತೊಳೆಯದೆ ಸಂತೆಗೆ ಹೋಗುತ್ತಿದ್ದ.