ಮೌನಪ್ಪನ ಎಂಟು ಬಾಸ್ ಪೆಟ್ಟಿಗೆಗಳು

ಎಂಟು ಬಾಸ್ ಪೆಟ್ಟಿಗೆಗಳು ಒಮ್ಮೆಗೇ ಗುದ್ದಿದರೂ ವೇದಿಕೆಯ ದೀಪಗಳು ಮಂಕಾಗಲಿಲ್ಲ. ಕಾಕನಗುಡ್ಡದ ಚಿನ್ನದ ಗಣಿಯ ಮೈದಾನದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಗಣಿಯ ವಾರ್ಷಿಕೋತ್ಸವದ ವಾದ್ಯಗೋಷ್ಠಿ ಸಂಜೆಗಿತ್ತು. ಬೆಳಗಿನ ಒಂಬತ್ತಕ್ಕೆ ಧ್ವನಿಪರೀಕ್ಷೆ ನಡೆದಿತ್ತು.

ಸೌಂಡ್ ಸಿಸ್ಟಮ್ಮಿನ ಮಾಲೀಕ ಮೌನಪ್ಪ ಬಡಿಗೇರ. ಹೆಸರಿಗಷ್ಟೇ ಮೌನ. ನಲವತ್ತು ವರ್ಷಗಳಲ್ಲಿ ಪೊಲೀಸರು ಬಂದರೂ, ಪರೀಕ್ಷೆಗೆ ಓದುವ ಮಕ್ಕಳ ತಾಯಂದಿರು ಬಂದರೂ ಆತ ಬಾಸ್ ಇಳಿಸಿದವನಲ್ಲ. ಪೆಟ್ಟಿಗೆಗಳನ್ನು ತಾನೇ ಮಾಡುತ್ತಿದ್ದ. ಹಲಗೆ ಸಡಿಲವಿದೆಯೇ ಎಂದು ನೋಡಲು ಪ್ರತಿಯೊಂದಕ್ಕೂ ಮುಷ್ಟಿಯಿಂದ ಎರಡು ಗುದ್ದು, ತುಸು ತಡೆದು ಇನ್ನೊಂದು ಗುದ್ದು ಹಾಕುವುದು ಅವನ ರೂಢಿ.

"ಪೆಟ್ಟಿಗಿ ಸಾವಿರ ವಾಟ್ ಇದ್ರ ಆಂಪ್ಲಿಫೈಯರ್ ಎರಡು ಸಾವಿರದ್ದು ಬೇಕ್ರಿ ಮೇಡಂ. ಸಣ್ಣದು ಹಚ್ಚಿದ್ರ ಅದು ಒದರಿ ಒದರಿ ಕಾಯಿಲ್ ಸುಡ್ತೈತಿ. ನಿಮ್ಮದು ನೋಡಿದ್ರ ಟಿಫಿನ್ ಡಬ್ಬಿ ಇದ್ದಂಗೈತಿ!" ಎಂದ ಮೌನಪ್ಪ.

ತಾವು ಕಟ್ಟಿದ ಹೊಸ ಆಂಪ್ಲಿಫೈಯರನ್ನು ಪರೀಕ್ಷಿಸಲು ಅಲ್ಲಿಗೆ ತಂದಿದ್ದ ಎಂಜಿನಿಯರ್ ಡಾ. ವಾರಿಜಾ ಹೆಬ್ಬಾರ ನಕ್ಕರು. ಆ ಡಬ್ಬಿ ಅವರ ಹನ್ನೊಂದು ವರ್ಷಗಳ ಶ್ರಮ. ಹೆಸರು 'ಪ್ರತಿಗ್ರಾಹಿ ವರ್ಧಕ'. "ಸ್ಪೀಕರಿನ ಕಾಗದದ ಬಟ್ಟಲು ಮುಂದೆ ಹೋಗಿ ಹಿಂದೆ ಬರುತ್ತದಲ್ಲ, ಹಿಂದೆ ಬರುವಾಗ ಅದೇ ಸ್ವಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹಳೆಯ ಆಂಪ್ಲಿಫೈಯರ್ ಅದನ್ನು ಶಾಖ ಮಾಡಿ ಕಳೆದುಬಿಡುತ್ತಿತ್ತು. ಇದು ಕಣವನ್ನೂ ಬಿಡದೆ ಹಿಡಿದು ಕೂಡಿಡುತ್ತದೆ. ಎಷ್ಟು ಮರಳಿತು ಅಂತ ಈ ಮುಳ್ಳು ತೋರಿಸುತ್ತದೆ."

ಹತ್ತು ಗಂಟೆಗೆ ಗಣಿಯ ಸೈರನ್ ಕೂಗಿತು.

ಮೂರನೆಯ ಹಂತದ ಸುರಂಗ ಕುಸಿದಿತ್ತು. ಒಳಗೆ ಆರು ಕಾರ್ಮಿಕರು, ಮತ್ತು ಅವರೊಂದಿಗೆ ಕೊರೆಯುವ ಯಂತ್ರ ನಡೆಸುವ ಕಾಳಿಕಾ. ಮೌನಪ್ಪನ ಒಬ್ಬಳೇ ಮಗಳು. ಫೋನಿನ ತಂತಿ ಕಡಿದುಹೋಗಿತ್ತು. ಅವರಿರುವುದು ಪೂರ್ವದ ಕವಲಿನಲ್ಲೋ ಪಶ್ಚಿಮದ್ದರಲ್ಲೋ ತಿಳಿಯದು. ಒಂದು ಕವಲಿಗೆ ದಾರಿ ಕೊರೆಯಲು ಆರು ತಾಸು ಬೇಕು. ಒಳಗಿನ ಗಾಳಿ ಎಂಟು ತಾಸಿಗೆ ಸಾಕು. ತಪ್ಪು ಕಡೆ ಕೊರೆದರೆ ಮುಗಿಯಿತು.

ರಕ್ಷಣಾಧಿಕಾರಿ ಜಂಬಯ್ಯ ಹೇಳಿದರು: "ಮೌನಪ್ಪಾ, ನಿನ್ನ ಸಾಮಾನು ಬಂದ್ ಮಾಡು. ಕರೆಂಟೆಲ್ಲ ಯಂತ್ರಕ್ಕೆ ಬೇಕು."

ಮೌನಪ್ಪ ವೇದಿಕೆಗೆ ಬಂದು ಮುಖ್ಯ ತಂತಿಯನ್ನು ಕಿತ್ತ. ವರ್ಧಕದ ಗುಂಡಿಯ ಮೇಲೆ ಕೈಯಿಟ್ಟವನು ಹಾಗೇ ನಿಂತುಬಿಟ್ಟ. ಹಾಡು ನಿಂತಿತ್ತು, ಮೈಕ್ ಮುಚ್ಚಿತ್ತು, ಆದರೂ ಮುಳ್ಳು ಮಿಸುಕುತ್ತಿತ್ತು.

"ಅರ್ತಿಂಗ್ ಸರಿಯಿಲ್ಲ ಅನ್ನಿಸುತ್ತೆ," ಎಂದರು ವಾರಿಜಾ.

"ಅರ್ತಿಂಗ್ ಹೋದ್ರ ಒಂದ ಸಮನ ಗುಂಯ್ ಅಂತೈತ್ರಿ. ಇದು ನಿಂತು ನಿಂತು ಬರಾಕತ್ತೈತಿ. ಎರಡು... ಒಂದು. ಎರಡು... ಒಂದು." ಮೌನಪ್ಪ ಮುಳ್ಳಿನತ್ತ ಬೆರಳು ಮಾಡಿದ. "ಮೇಡಂ, ಇದು ನನ್ನ ಮಗಳ ಗುದ್ದು! ಮೂರು ವರ್ಷದಾಕಿ ಇದ್ದಾಗಿಂದ ನನ್ನ ಪೆಟ್ಟಿಗಿ ಹಿಂಗ ಗುದ್ದಾಕಿ!"

ವಾರಿಜಾ ಬೆರಗಾದರು. ನೆಲದ ನಡುಕ ಅಗಲವಾದ ಬಟ್ಟಲುಗಳನ್ನು ಕೂದಲೆಳೆಯಷ್ಟು ಅಲುಗಿಸುತ್ತಿತ್ತು. ಹುಟ್ಟಿದ ಕಣದಷ್ಟು ವಿದ್ಯುತ್ತನ್ನು ವರ್ಧಕ ಹಿಡಿಯುತ್ತಿತ್ತು. ಗದ್ದಲ ಮಾಡಲೆಂದೇ ಕಟ್ಟಿದ ಯಂತ್ರ ಕಿವಿಗೊಟ್ಟು ಕೇಳುತ್ತಿತ್ತು. ಅದು ಅವರ ಯಾವ ಲೆಕ್ಕದಲ್ಲೂ ಇರಲಿಲ್ಲ.

ನಾಲ್ಕು ಪೆಟ್ಟಿಗೆಗಳನ್ನು ಮೈದಾನದ ಪೂರ್ವಕ್ಕೂ ನಾಲ್ಕನ್ನು ಪಶ್ಚಿಮಕ್ಕೂ ಹೊತ್ತು, ಬಂಡೆಯ ಮೇಲೆ ಬೋರಲು ಹಾಕಿದರು. ಪೂರ್ವದ ಪೆಟ್ಟಿಗೆಗಳಿಗೆ ಮುಳ್ಳು ಪಶ್ಚಿಮದವುಗಳಿಗಿಂತ ಎರಡು ಪಟ್ಟು ಏರಿತು.

ಜಂಬಯ್ಯನವರಿಗೆ ನಂಬಿಕೆ ಬರಲಿಲ್ಲ. "ಕಲ್ಲು ಬಿರಿಯೋ ಸದ್ದೂ ಇರಬಹುದು. ಏಳು ಜೀವದ ಪ್ರಶ್ನೆ."

"ಹಂಗಾರ ಆಕಿನ್ನ ಕೇಳೋಣ," ಎಂದ ಮೌನಪ್ಪ.

ಬೆಳಗಿನಿಂದ ಕೂಡಿಟ್ಟ ವಿದ್ಯುತ್ತು ವರ್ಧಕದಲ್ಲಿತ್ತು. ಮೌನಪ್ಪ ಗುಂಡಿಯನ್ನು ಕೊನೆಯತನಕ ತಿರುಗಿಸಿ ಮೈಕಿಗೆ ಗುದ್ದಿದ. ಧಮ್, ಧಮ್... ಧಮ್! ಕಚೇರಿಯ ಕಿಟಕಿಗಳು ಗದಗುಟ್ಟಿದವು, ಪಾದದಡಿಯ ಬಂಡೆ ನಡುಗಿತು. ಆಮೇಲೆ ಮೈದಾನಕ್ಕೆ ಮೈದಾನವೇ ಉಸಿರು ಹಿಡಿದು ಮುಳ್ಳನ್ನು ನೋಡಿತು.

ಮುಳ್ಳು ಅಲುಗಿತು. ಒಂದು. ಎರಡು. ಮೂರು. ನಿಧಾನವಾಗಿ ಏಳರತನಕ ಹೋಗಿ ನಿಂತಿತು.

"ಏಳೂ ಮಂದಿ ಅದಾರ!" ಎಂದು ಮೌನಪ್ಪ ಕೂಗಿದ. ಆ ಕೂಗಿಗೆ ಯಾವ ಆಂಪ್ಲಿಫೈಯರೂ ಬೇಕಿರಲಿಲ್ಲ. ಜಂಬಯ್ಯ ಪೂರ್ವದ ಕಡೆಗೆ ಓಡಿದರು.

ಸಂಜೆ ಐದಕ್ಕೆ ಏಳೂ ಜನ ಹೊರಬಂದರು. ಸೇರಿದ್ದ ಜನ ಹುಚ್ಚೆದ್ದು ಕುಣಿಯಿತು. ವಾದ್ಯದವರು ಯಾರೂ ಹೇಳದೆಯೇ ನುಡಿಸತೊಡಗಿದರು. ಈಗ ಊರೂರಿನ ಗಣಿಗಳಲ್ಲಿ ಬಂಡೆಗೆ ಬೋರಲು ಬಿದ್ದ ಬಾಸ್ ಪೆಟ್ಟಿಗೆಗಳಿವೆ. ವಾರಿಜಾ ಅವರ ವರ್ಧಕ ವೇದಿಕೆಗಿಂತ ಸುರಂಗಗಳ ಬಾಯಲ್ಲೇ ಹೆಚ್ಚು ದುಡಿಯುತ್ತಿದೆ.

ಅಂದು ಕಾಳಿಕಾ ಮೈತುಂಬ ಧೂಳು ಹೊತ್ತು ಅಪ್ಪನೆದುರು ನಿಂತಳು.

"ಅಪ್ಪಾ, ಎಷ್ಟು ಬಾಸ್ ಇಡ್ತಿಯೋ! ನೀ ಗುದ್ದಿದ್ದಕ್ಕ ಮ್ಯಾಲಿಂದ ಬುಟ್ಟಿಗಟ್ಲೆ ಮಣ್ಣು ಉದುರಿತು. ತುಸು ಕಮ್ಮಿ ಮಾಡು."

"ಕಮ್ಮಿ ಮಾಡ್ತೀನವ್ವಾ," ಎಂದ ಮೌನಪ್ಪ ಅಳುತ್ತ ನಗುತ್ತ. ವೇದಿಕೆ ಹತ್ತಿ, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಬಾಸಿನ ಗುಂಡಿಯನ್ನು ಕೆಳಗೆ ತಿರುಗಿಸಿದ.